ತಾಣ

ಪಾಷಾಣ್ ರಸ್ತೆಯ ಈ ಲ್ಯಾಬಿನಲ್ಲಿ
ಹಗಲೇ ಕತ್ತಲು ಮಾಡಿಕೊಳ್ಳುತ್ತೇವೆ.
ಕಿಟಕಿಗೆ ಕರಿ ರಟ್ಟು, ಬಾಗಿಲ ಸಂದಿಗೆ ಯಾರದೋ ಹಳೆ ಏಪ್ರನ್ನು.
ನಡುವೆ ಉಕ್ಕಿನ ಎರಡು ದವಡೆ,
ದವಡೆಗೆ ಕೊಡಲು ಬೆರಳಗಲದ ಹಾಳೆ,
ಹಾಲಿನ ಪೊಟ್ಟಣದ್ದೇ ಜಾತಿ.

ಕರಗಿಸುವಾಗಲೇ ಸಾಸಿವೆಯಷ್ಟು ಬಣ್ಣ ಬೆರೆಸಿರುತ್ತೇವೆ.
ಅದರ ಅಣುಗಳು, ಒಂದೇ ಕಂಬಳಿಯಲ್ಲಿ ಚಳಿ ಕಳೆಯುವವರಂತೆ,
ಬೆನ್ನಿಗೆ ಬೆನ್ನು ಒತ್ತಿ ಮಲಗುತ್ತವೆ;
ನೇರಳಾತೀತ ದೀಪ ಹಚ್ಚಿದರೆ ಕಿತ್ತಳೆ.
ಜಗ್ಗಿ.
ಕಂಬಳಿ ಸರಿದು ಬಿಡಿಬಿಡಿಯಾಗಿ
ಒಂಟಿ ಉಳಿದದ್ದು ಹಸಿರು.
ಇಷ್ಟೇ ವಿದ್ಯೆ. ಇದಕ್ಕೆ ಐದು ವರ್ಷ ಹಿಡಿಯಿತು.

ಭೋಸರಿಯ ಚೀಲದ ಕಾರ್ಖಾನೆಯಿಂದ ಮಂದಾ ಫುಗೆ ಬಂದಿದ್ದಳು,
ನಾವು ಕಳಿಸಿದ ಬಣ್ಣ ಹಾಕಿ ತೆಗೆದ ಸುರುಳಿಯನ್ನು
ಕೂಸಿನಂತೆ ಎದೆಗೊರಗಿಸಿ, ಎರಡು ಬಸ್ಸು ಬದಲಿಸಿ.
ಸುರುಳಿ ಬಿಚ್ಚಿ, ಬೆರಳಿಟ್ಟು, ಮರಾಠಿಯಲ್ಲಿ ಅಂದಳು:
"ಇಥೇ ತಾಣ ಆಹೇ."

ಅವಳ ತಾಣವೆಂದರೆ ಎಳೆತ, ಬಿಗಿತ.
ಅಕ್ಕಲಕೋಟೆಯ ನನ್ನ ಮನೆಮಾತಿಗೆ ತಾಣವೆಂದರೆ ಬರೀ ಜಾಗ.
ಎರಡನ್ನೂ ಒಂದೇ ನಾಲಿಗೆಯ ಮೇಲೆ ಇಟ್ಟುಕೊಂಡು ಬೆಳೆದವನು ನಾನು,
ಇವತ್ತಿನವರೆಗೂ ಒಂದಕ್ಕೊಂದು ತಾಗಿಸಿರಲಿಲ್ಲ.

ಹಳದಿ ಕನ್ನಡಕ ಕೊಟ್ಟು ದೀಪ ಹಚ್ಚಿದೆ.
ಯಂತ್ರ ಇನ್ನೂ ಮುಟ್ಟಿಲ್ಲ,
ಆಗಲೇ ಕಿತ್ತಳೆಯ ಬಯಲಲ್ಲಿ
ಎದುರುಬದುರು ಎರಡು ಹಸಿರು ಅಚ್ಚು,
ಅವಳ ಹೆಬ್ಬೆರಳು.
"ಕಟ್ಟುವ ಮೊದಲು ಒಮ್ಮೆ ಜಗ್ಗಿ ನೋಡಿದ್ದೆ ಸಾಹೇಬ,
ದಿನಾ ನೋಡ್ತೀನಿ. ಕೆಡಿಸಿಬಿಟ್ಟೆನೇನು?"

ಎರಡು ಅಚ್ಚಿನ ನಡುವೆ
ಇನ್ನೂ ಕಡು ಹಸಿರಿನ ಒಂದು ಕೂದಲೆಳೆ.
ಅಚ್ಚು ತಪ್ಪಿಸಿ, ದೂರದಿಂದ,
ಅದೇ ಸಾಲಿನ ಹೊಸ ತುಂಡು ಕತ್ತರಿಸಿ ದವಡೆಗೆ ಕೊಟ್ಟೆ.
ಹರಿಯಿತು. ಅದೇ ಎಳೆಗುಂಟ.
ಅವಳು ಆಶ್ಚರ್ಯಪಡಲಿಲ್ಲ.

ದೀಪ ಆರಿಸುವ ಮೊದಲು ಸೆರಗನ್ನು ಬೆಳಕಿಗೆ ಹಿಡಿದು ನಕ್ಕಳು:
ಸೋಪಿನ ಪುಡಿಯ ಬಿಳುಪು ನೀಲಿಯಾಗಿ ಉರಿಯುತ್ತಿತ್ತು.
ಆಮೇಲೆ ಅಂಗೈ ಚಾಚಿದಳು.
ಉಗುರು ತುಸು ಮಿನುಗಿತು. ಹೆಬ್ಬೆರಳು ಕಪ್ಪಗೇ ಇತ್ತು,
ಇಪ್ಪತ್ತೆರಡು ವರ್ಷ ಜಗ್ಗಿದ್ದು ಎಲ್ಲಿ ಕೂತಿದೆಯೆಂದು ಹೇಳದೆ.

ನಾಲ್ಕರ ಬಸ್ಸಿಗೆ ಅವಳು ಹೊರಟಳು.
ನಾನು ದಾಖಲೆ ಪುಸ್ತಕ ತೆರೆದೆ.
ಮಾದರಿ: ಹದಿನೇಳು. ದಪ್ಪ: ಐವತ್ತು ಮೈಕ್ರಾನು.
ಹರಿದ ತಾಣ: ಬರೆದು,
ಯಾವ ಭಾಷೆಯಲ್ಲಿ ಬರೆದೆನೆಂದು ನೋಡುತ್ತ ಕೂತೆ.