ಅಳೆದೂ ಸುರಿದೂ

ಪುಣೆಯಲ್ಲಿ ಹನ್ನೊಂದು ಡಿಗ್ರಿ. ಪಾಷಾಣ ರಸ್ತೆಯ ವಾಚ್‌ಮನ್
ಮಂಕಿಟೋಪಿಯಿಂದ ಮೂಗಷ್ಟೇ ಹೊರಗೆ ಹಾಕಿ
ಇವತ್ತು ಬರ್ಫ್ ಗ್ಯಾರಂಟಿ ಮೇಡಂ ಎಂದು ನಗುತ್ತಾನೆ.
ಬರ್ಫ್ ನಾನು ಕಂಡಿಲ್ಲ, ಫ್ರಿಜ್ಜಿನದು ಬಿಟ್ಟರೆ.
ಹತ್ತೊಂಬತ್ತು ವರ್ಷದಿಂದ ಅದರ ಲೆಕ್ಕ ಬರೆಯುತ್ತಿದ್ದೇನೆ.

ಮೇಜಿನ ಮೇಲೆ ಅಂಗ್ರುಪ್ ಕಳಿಸಿದ ಪೆಟ್ಟಿಗೆ:
ಕಂಠ ಜಜ್ಜಿದ ಹಿಮಮಾಪಕ, ರಿಪೇರಿಗೆ;
ಹೋದ ಚಳಿಗಾಲದ ರಿಜಿಸ್ಟರು;
ಸಂದಿಯಲ್ಲಿ ತುರುಕಿದ ಒಂದು ಹಿಡಿ ಜರ್ದಾಳು.
ಅವನ ಬೆಳಗು ನನಗೆ ಬಾಯಿಪಾಠ.
ಎಂಟೂವರೆಗೆ ಡಬ್ಬಿ ಒಲೆಯ ಬಳಿ ತಂದು
ಬಿಸಿನೀರು ಅಳೆದು,
ಸುರಿದು,
ಕರಗಿದ್ದನ್ನು ಮತ್ತೆ ಅಳೆದು,
ಸುರಿದದ್ದನ್ನು ಕಳೆದರೆ
ಉಳಿದಷ್ಟು ಆಕಾಶದ್ದು.

ಜನವರಿ ಇಪ್ಪತ್ತಮೂರು: ನಾಲ್ಕು ಪಾಯಿಂಟ್ ಎರಡು ಮಿಲಿಮೀಟರ್.
ಅಂಚಿನಲ್ಲಿ ಪೆನ್ಸಿಲ್ಲು:
ಸುಳ್ಳು. ಬಾಗಿಲು ತೆಗೆಯಲಾಗಲಿಲ್ಲ. ಕಿಟಕಿಯಿಂದ ಇಳಿದೆ.

ಗಾಳಿ. ಡಬ್ಬಿಯ ಬಾಯಿಗೆ ಬಂದ ತುತ್ತನ್ನು
ಎತ್ತಿಕೊಂಡು ದಾಟಿಬಿಡುತ್ತದೆ.
ಅಕ್ಕಲಕೋಟೆಯ ಸಂತೆಯಲ್ಲಿ ಅವ್ವ ಜೋಳ ಕೊಳ್ಳುವಾಗ
ಸೇರಿನ ಮೇಲೆ ಗೋಪುರ ಏಳದೆ ಚೀಲ ಬಿಚ್ಚುತ್ತಿರಲಿಲ್ಲ;
ಸಾವ್ಕಾರ ಅಂಗೈಯಿಂದ ಸವರಿದನೋ, ಜಗಳ.
ಗಾಳಿಯ ಕೂಡ ಯಾರು ಜಗಳಕ್ಕೆ ನಿಲ್ಲುತ್ತಾರೆ?
ನಾನು ಒಂದೂಮುಕ್ಕಾಲರಿಂದ ಗುಣಿಸುತ್ತೇನೆ.
ಅವ್ವನ ಗೋಪುರ, ದಶಾಂಶದಲ್ಲಿ.

ನಾಳಿದ್ದು ಪಶ್ಚಿಮದಿಂದ ಇನ್ನೊಂದು ಬರುತ್ತಿದೆ.
ಇರಾನ್ ದಾಟಿದ ನೀಲಿ ಸುಳಿ ಪರದೆಯ ತುಂಬ.
ನನ್ನ ಕಂಪ್ಯೂಟರಿಗೆ ಹಿಮಾಲಯವೆಂದರೆ
ಹನ್ನೆರಡು ಕಿಲೋಮೀಟರಿಗೊಂದು ಚೌಕ ಮೆಟ್ಟಿಲು,
ಶಿಖರ ಕೆತ್ತಿ, ಕಣಿವೆ ತುಂಬಿ, ಸರಾಸರಿ.
ಆ ಲೆಕ್ಕದಲ್ಲಿ ಅಂಗ್ರುಪನ ಊರು
ಎಂಟುನೂರು ಮೀಟರ್ ಬಂಡೆಯ ಒಳಗಿದೆ,
ಒಲೆ, ಹಾಸಿಗೆ, ಉಗಿಯಾಡುವ ಚಹಾ ಸಮೇತ.
ಇದನ್ನು ಅವನಿಗೆ ಹೇಳಿಲ್ಲ.

ಘೋಟವಡೇಕರ್ ಬಾಗಿಲಲ್ಲಿ ನಿಂತು ಕೇಳುತ್ತಾರೆ:
ಒಂದು ಅಂಕಿ ಕೊಡಿ, ರಸ್ತೆಯವರು ಕಾಯ್ತಿದ್ದಾರೆ.
ಅಳೆದೂ ಸುರಿದೂ ಬರೆದೆ:
ನಲವತ್ತರಿಂದ ಅರವತ್ತು ಸೆಂಟಿಮೀಟರ್.
ಆಮೇಲೆ ಅರವತ್ತನ್ನು ಹೊಡೆದು ಎಂಬತ್ತು ಮಾಡಿದೆ.
ಯಾಕೆಂದು ಅವರು ಕೇಳಲಿಲ್ಲ, ಪುಣ್ಯ.

ಸಂಜೆ ಫೋನು ತಾಗಿತು. ನಡುನಡುವೆ ಕಡಿಯುವ ದನಿ.
ಅಂಕಿ ಹೇಳಿದೆ. ಶೇಕಡಾವಾರು ಸಂಭವ ಹೇಳಿದೆ.
ಅವನಿಗೆ ಬೇಕಿದ್ದದ್ದು ಒಂದೇ:
ಸಲಿಕೆ ಹೊರಗಿರಲೋ, ಒಳಗಿಡಲೋ?

ಒಳಗಿಡು, ಎಂದೆ.
ಬಾಗಿಲ ಹತ್ತಿರ ಅಲ್ಲ,
ಕಿಟಕಿಯ ಹತ್ತಿರ.