ಹದಿನೇಳನೇ ಪುಟದ ಗುಳ್ಳೆ

ಬುಧವಾರ ಸಂಜೆ, ಡುಲೂತ್ ಬಂದರು.
ಹೊಸ ಸಂಚಿಕೆಗಳ ಕಟ್ಟು ಬಿಚ್ಚುತ್ತಾಳೆ ಮಾರ್ಲಿಸ್,
ರಟ್ಟು ಕೊಯ್ಯುವ ಬ್ಲೇಡಿನ ಹಿಡಿ ಹಲ್ಲಲ್ಲಿ ಕಚ್ಚಿಕೊಂಡು.
ಬೂಟುಗಳಿಂದ ಕರಗಿದ ಹಿಮ ಬಾಗಿಲ ಬಳಿ
ಯಾವುದೋ ದೇಶದ ನಕಾಶೆ ಬರೆದಿದೆ,
ಅದನ್ನು ತುಳಿದುಕೊಂಡೇ ಬಂದರು ನಮ್ಮ ಪಂಡಿತರು.

"ನೋಡಿದೆಯಾ?"
"ನೋಡಿದೆ. ಹಾಳು ಮಾಡಿದ್ದಾರೆ."
ಹಲೋ ಗಿಲೋ ಏನಿಲ್ಲ, ಇಷ್ಟೇ ಕುಶಲಪ್ರಶ್ನೆ.

ಡಾಕ್‌ಹ್ಯಾಂಡ್.
ಹಡಗಿಗೆ ಅದಿರು ತುಂಬುವ ಆಳು,
ಸಿಡಿಲು ಬಡಿದ ಕೊಕ್ಕೆಯೊಂದು ಕೈಗಂಟಿ
ಬೇಡದೆಯೇ ಬಲ ಬಂದವನು.
ಮೂವತ್ತೆಂಟು ವರ್ಷ ಅಗ್ಗದ ಕಾಗದದಲ್ಲಿ ಬಾಳಿ
ಈಗ ಪರದೆ ಏರಿದ್ದಾನೆ, ದವಡೆ ಕೆತ್ತಿಸಿಕೊಂಡು.

ಡುವೇನ್‌ನದು ಕೊಕ್ಕೆಯ ತಕರಾರು:
"ಎಡಗೈ! ಎಡಗೈಯಲ್ಲಿರಬೇಕು! ಆರನೇ ಸಂಚಿಕೆ ತೆಗಿ!"
ಕೋರಾಳದು ಗಾಜಿನ ಸೋದರಿಯರ ಸಂಕಟ:
ಮೂವರಿದ್ದವರು ಇಬ್ಬರಾಗಿದ್ದಾರೆ,
ಯಾವ ಖಳನಿಗೂ ಬಗ್ಗದ ಮೂರನೆಯವಳು
ಎಡಿಟಿಂಗ್ ಮೇಜಿನ ಮೇಲೆ ಸತ್ತಳು.
ಹೆಪ್ಪುಗಟ್ಟಿದ ಸರೋವರದ ಮೇಲೆ ಕುಸ್ತಿಯಾದರೆ
ಗೆಲ್ಲುವುದು ಇವನೋ, ಪ್ರೊಫೆಸರ್ ನಿಕ್ಕಲ್ಲೋ?
ಇದಕ್ಕೆ ಹದಿನೈದು ನಿಮಿಷ, ಎರಡು ಕಾಫಿ,
ಪೇಪರ್ ನ್ಯಾಪ್ಕಿನ್ನಿನ ಮೇಲೆ ಒಂದಿಷ್ಟು ಗಣಿತ.

ಡುವೇನ್ ನಗರಸಭೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ.
ಬಾಡಿಗೆ ಬಾಕಿ ಎಷ್ಟು ತಿಂಗಳದೆಂದು ನೆನಪಿರದು,
ನಿಕ್ಕಲ್‌ನ ಎದೆಕವಚದ ದಪ್ಪ ಕೇಳಿ:
ಎರಡೂಕಾಲು ಅಂಗುಲ.
ನಗಬೇಡಿ. ಹಳೆ ಸಂಚಿಕೆಗಳಿಗೆ ಬೆಲೆಚೀಟಿ ಹಚ್ಚುತ್ತ
ನಾನೂ ನಕ್ಕಿದ್ದೆ, ಕೆಲಸಕ್ಕೆ ಸೇರಿದ ಮೊದಲ ವಾರ.
ಎರಡನೇ ವಾರ, ಎರಡು ಅಂಗುಲವೇ ಸರಿ ಎಂದು ಜಗಳಕ್ಕೆ ನಿಂತಿದ್ದೆ.

ಆಮೇಲೆ ಬಂತು ಅಸಲು ಗಾಯ.
"ಅವನ ಉಗ್ಗು ಎಲ್ಲಿ?" ಕೋರಾ ಮೇಜು ಕುಟ್ಟಿದಳು.

ಎಲ್ಲರಿಗೂ ಬಾಯಿಪಾಠ ಆ ಪುಟ,
ನಲವತ್ತೊಂದನೇ ಸಂಚಿಕೆ, ಪುಟ ಹದಿನೇಳು:
ಮುಳುಗುವ ಹಡಗು. ಹಗ್ಗ ಹಿಡಿದು ನಿಂತ ಜನ.
ಬಿಡಿ ಎಂದು ಅವನು ಕೂಗಬೇಕು,
ಬಾಯಿಂದ ಹೊರಟದ್ದು ಬರಿಯ ಬಿಳಿ ಗುಳ್ಳೆ,
ಒಳಗೆ ಒಂದಕ್ಷರವಿಲ್ಲ.
ಮುಂದಿನ ಚೌಕದಲ್ಲಿ ಇನ್ನೊಂದು, ತುಸು ದೊಡ್ಡದು.
ಮೂರನೆಯದು ಗೆರೆ ದಾಟಿ ಪಕ್ಕದ ಆಕಾಶಕ್ಕೇ ಉಬ್ಬಿದೆ.
ಪುಟ ಮಗುಚಿದರೆ, ಸಣ್ಣ ಅಕ್ಷರದಲ್ಲಿ:
ಬಿಡಿ.

"ಸಿನಿಮಾದಲ್ಲೋ, ಅರಳು ಹುರಿದ ಹಾಗೆ ಮಾತು!
ನೀರು ಮೂಗಿಗೆ ಬಂದರೂ ಜೋಕು!"
"ಒಂದು ಖಾಲಿ ಗುಳ್ಳೆ ತೋರಿಸಲು ಧೈರ್ಯವಿಲ್ಲ!"
"ಉಗ್ಗುವವರಿಗೆಲ್ಲ ಅವಮಾನ!"

ಅಂದದ್ದೇ, ಎಲ್ಲರ ಕಣ್ಣು
ಆರ್ವಿಡ್ ಲಾಹ್ತಿಯ ಕಡೆ ಹೊರಳಿ
ಕಳ್ಳತನ ಸಿಕ್ಕಿಬಿದ್ದಂತೆ ಹಿಂದಿರುಗಿದವು.
ಮೀನಿನ ಗೋದಾಮಿನ ರಾತ್ರಿಪಾಳಿಯವನು,
ಹನ್ನೆರಡು ವರ್ಷ ಅದೇ ಸ್ಟೂಲು,
ಬೇಕಾದ್ದನ್ನು ಬೆರಳಲ್ಲಿ ತೋರಿಸಿ ಕೊಳ್ಳುವವನು.

ಟೋಪಿ ತೆಗೆದ.
"ನ..."
ಕಾದೆವು. ಹೀಟರು ಗೊರಗೊರ ಅಂದಿತು.
"ನ... ನ..."
ಮುಗಿಸಿಕೊಡಲು ಡುವೇನ್ ಬಾಯಿ ತೆರೆದ;
ಮಾರ್ಲಿಸ್ ಅವನ ಕಾಲು ತುಳಿದಳು.
"ನನಗೆ ಇಷ್ಟವಾಯಿತು.
ಎ... ಎರಡು ಗಂಟೆ ಹತ್ತು ನಿಮಿಷ
ಒ... ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ ಅವನು.
ಮೂರು ಸಲ ನೋಡಿದೆ."

"ಆದರೆ ಆ ಪುಟ..." ಎಂದಳು ಕೋರಾ, ದನಿ ಇಳಿಸಿ.

"ಅದನ್ನು ದಿ... ದಿನಾ ಓದುತ್ತೇನಲ್ಲ," ಅಂದ,
"ಬಾಯಿ ತೆರೆದಾಗೆಲ್ಲ."

ಇದಕ್ಕೆ ಎದುರು ಹಿಡಿಯಲು
ಯಾರ ಬಳಿಯೂ ಸಂಚಿಕೆಯ ನಂಬರಿರಲಿಲ್ಲ.
ಹೊರಗೆ ಕಾಲುವೆಯಲ್ಲಿ ಈ ವರ್ಷದ ಕಡೆಯ ಹಡಗು ಕೂಗಿತು,
ಉದ್ದ ಒಂದು, ಗಿಡ್ಡ ಎರಡು.
ಎತ್ತುಸೇತುವೆ ಹಾಗೇ ತಿರುಗಿ ಕೂಗಿತು.
ಕೋರಾ ತನ್ನ ಲೋಟದ ತಳ ನೋಡುತ್ತಿದ್ದಳು.

ಡುವೇನ್ ಕೆಮ್ಮಿದ. ಕೆನ್ನೆ ಕೆರೆದುಕೊಂಡ.
"ಏನೇ ಅನ್ನಿ, ಕೊಕ್ಕೆ ಎಡಗೈಯಲ್ಲಿರಬೇಕಿತ್ತು."
"ಹೌ... ಹೌದು," ಎಂದ ಆರ್ವಿಡ್, ಸ್ಟೂಲು ಮುಂದಕ್ಕೆಳೆದು,
"ಅ... ಅದಂತೂ ಕ್ಷಮಿಸುವ ಮಾತೇ ಅಲ್ಲ."