ಗಣ್ಣಿನ ಕೂದಲು

ಬೆಳಗಿನ ಐದಕ್ಕೆ ಭಾನಾಪುರ ಬಿಟ್ಟು
ಹಳಿ ಹಿಡಿದು ನಡೆಯುವ ಕೀಮ್ಯಾನ್ ನಾನು.
ಹೆಗಲಿಗೆ ಸುತ್ತಿಗೆ, ಚೀಲದಲ್ಲಿ ಎರಡು ಬಾವುಟ,
ಕಣ್ಣು ಕೀಲಿಯ ಮೇಲೆ, ಕಿವಿ ಕಬ್ಬಿಣದ ಮೇಲೆ.
ಹನ್ನೊಂದು ವರ್ಷ
ಹುಲ್ಲೆಂದರೆ ನನಗೆ
ಪ್ಯಾಂಟಿನ ತುದಿ ತೋಯಿಸುವ ಇಬ್ಬನಿ, ಅಷ್ಟೇ.

ತೋರಿಸಿದವಳು ಗಾಳೆಮ್ಮ, ಕುರಿಯ ಗಾಳೆಮ್ಮ.
ಬೇಲಿಯಾಚೆ ಕಡ್ಲಿ ಬಿತ್ತಿದ ಎರಿಹೊಲ,
ಈಚೆ ನಮ್ಮ ಏರಿ. ನನ್ನಜ್ಜ ಹುಟ್ಟುವ ಮೊದಲೇ
ಗೆರೆ ಎಳೆದು ಬಿಟ್ಟ, ಕುಂಟೆ ಕಾಣದ ನೆಲ.
"ಕುರಿ ಬಿಡ್ಲೇನು?"
"ಬಿಟ್ರ ನನ್ನ ನೌಕರಿ ಹೋಗತೈತಿ."
"ಹಂಗಾರ ನೋಡಾಕರ ಬಿಡು."

ಕುಕ್ಕರಗಾಲಲ್ಲಿ ಕೂತು ಒಂದು ದಂಟು ಬಾಗಿಸಿದಳು.
"ಎಲಿ ನೋಡಬ್ಯಾಡ, ಎಲಿ ಎಲ್ಲಾವೂ ಹಸರ.
ಬೆರಳಾಗ ಹಿಡಕೊಂಡು ಕೆಳಗಿಂದ ಮ್ಯಾಲ ಹೋಗು,
ಗಣ್ಣು ಸಿಕ್ಕಲ್ಲೆ ನಿಲ್ಲು."
ನಿಂತೆ.
ಗಣ್ಣಿನ ಸುತ್ತ ಬಿಳಿಕೂದಲಿನ ಉಂಗುರ,
ಹಾಲು ಬಿಟ್ಟ ಕರುವಿನ ಮೂತಿಯ ನೊರೆಯಷ್ಟು.
ಮುಂದಿನ ಗಣ್ಣಿಗೂ. ಅದರ ಮುಂದಿನದಕ್ಕೂ.
"ಗರಿಕಿ ತೆವಳತೈತಿ. ಇದು
ಮೊಣಕಾಲೂರಿ ಏಳತೈತಿ, ನನ್ನಂಗ."
ತುದಿಗೆ ಮೂರೋ ಐದೋ ನೇರಳೆ ಬೆರಳು,
ಪಕ್ಕದ ಮನೆಗೆ ಉಪ್ಪು ಕೇಳಲು ಚಾಚಿದ ಹಾಗೆ.
ಅಗಿದಳು, ನನಗೂ ಕೊಟ್ಟಳು.
ಮೊದಲು ಸಿಹಿ, ಆಮೇಲೆ ಡೀಸೆಲ್.
ಹೆಸರು ಕೇಳಿದೆ.
"ನಮ್ಮವ್ವ ಗಂಜಲಗರಿಕಿ ಅಂತಿದ್ಲು,
ನಮ್ಮತ್ತಿ ಮತ್ತೇನೋ ಅಂತಿದ್ಲು,
ಕುರಿ ಏನೂ ಅನ್ನೂದಿಲ್ಲ, ತಿಂತಾವ."

ಬುತ್ತಿಡಬ್ಬಿಯ ತುಂಬ ಬೀಜ ತಂದೆ,
ಬೀಜವಲ್ಲ, ಒಂದಕ್ಕೊಂದು ತೆಕ್ಕೆ ಬಿದ್ದ ಅರಳೆ.
ಕ್ವಾರ್ಟರ್ಸ್ ಹಿಂದೆ ಅರ್ಧ ಚೆಲ್ಲಿ
ಬಚ್ಚಲ ನೀರು ತಿರುವಿದೆ. ತಿಂಗಳಾಯಿತು, ಎರಡಾಯಿತು.
ಗೇಟಿನ ಮೌಲಾಹುಸೇನ ನಕ್ಕ:
"ರೈಲ್ವೆ ಬೀಜ ಅಲ್ಲೇನು, ಲೇಟಾಗೇ ಬರೂದು."
ಗಾಳೆಮ್ಮ ನಗಲಿಲ್ಲ.
"ಹೊಸ ಬೀಜ ನಿದ್ದಿಗಣ್ಣಾಗಿರತೈತಿ.
ಉಳದದ್ದು ಕಟ್ಟಿಡು. ಬ್ಯಾಸಗಿ ಕಳೀಲಿ."

ಉಳಿದರ್ಧ ಮೊಳೆಗೆ ನೇತುಬಿತ್ತು, ಖಾಕಿ ಅಂಗಿಯ ಪಕ್ಕ.
ಮಿರಗದ ಮಳೆಗೆ ಹಸಿಮಣ್ಣು, ಸಗಣಿ ಕಲೆಸಿ ಉದುರಿಸಿದೆ
(ಒಣಗಿದ್ದರೆ ಗಾಳಿಯ ಪಾಲು).
ಮೇಲೆ ಮಣ್ಣು ಎಷ್ಟು? ರೊಟ್ಟಿಗೆ ಎಳ್ಳು ಹಚ್ಚಿದಷ್ಟು.
ಒಂಬತ್ತನೆಯ ದಿನ ನೆಲಕ್ಕೆ ಮೀಸೆ ಚಿಗುರಿತು.
ಆದರೆ ಯಾವುದು ಅದು?
ಗಣ್ಣು ಬಲಿಯುವ ತನಕ ಎಲ್ಲ ಹುಲ್ಲೂ ಒಂದೇ ಮುಖ.
ಕಳೆಯೆಂದು ಕಿತ್ತದ್ದರಲ್ಲಿ
ಎಷ್ಟು ಅದೇ ಇತ್ತೋ, ಲೆಕ್ಕವಿಲ್ಲ.

ಮರುವರ್ಷ ಜೋಡಿ ಹಳಿ ಬಂತು.
ಜೆಸಿಬಿಗೆ ನಾಲ್ಕು ಮಧ್ಯಾಹ್ನ ಸಾಕಾಯಿತು
ಹಳೆಯ ಏರಿ ಬಗೆಯಲು.
ಹೊಸ ಏರಿ ಗರಸು, ಕೆಂಪು, ಬೋಳು,
ಮೊದಲ ಮಳೆಗೇ ತೋಳುದ್ದ ಕೊರಕಲು.
ಗಾಳೆಮ್ಮ ಬಂದು ನಿಂತಳು. ಎಲೆಯಡಿಕೆ ಉಗುಳಿದಳು.
"ನಿನ್ನ ಹಿತ್ತಲಾಗ ಐತೆಲ್ಲ," ಅಂದಳು,
ಬೈದ ಹಾಗೆ.

ಬುಡ ಅಗೆದು ತೆಂಡೆ ಬಿಡಿಸುವುದು.
ತಲೆ ಕತ್ತರಿಸಿ ಗೇಣುದ್ದ ಉಳಿಸುವುದು.
ಕುಣಿಗೆ ಮೂರು, ಮೊಳಕ್ಕೊಂದು ಕುಣಿ,
ಹೆಬ್ಬೆರಳಿಂದ ಒತ್ತುವುದು, ಬೇರಿನ ಬಳಿ ಗಾಳಿ ಉಳಿಯದಂತೆ.
ದಿನಕ್ಕೆಂಟು ತೆಂಡೆ, ಒದ್ದೆ ಗೋಣಿಯಲ್ಲಿ, ಸ್ಪ್ಯಾನರಿನ ಜೊತೆ.
ನನ್ನ ಡ್ಯೂಟಿ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮಿಲ್ಲ.
ಬಹಳ ಸತ್ತವು. ಎರಿಯ ಕೂಸಿಗೆ ಗರಸು ಒಗ್ಗುವುದು ನಿಧಾನ.
ಟ್ರಾಲಿಯಿಂದ ಎಂಜಿನಿಯರ್ ಸಾಹೇಬರು ಕೂಗಿದರು: "ಏನದು?"
"ಮಣ್ಣು ಹಿಡಿಯೋ ಹುಲ್ಲು, ಸರ್."
ಬರೆದುಕೊಂಡರೋ, ಬೆವರೊರೆಸಿಕೊಂಡರೋ.

ಇವತ್ತು ಬ್ಯಾಟರಿ ಕೈಕೊಟ್ಟಿತ್ತು. ಕತ್ತಲು.
ನೂರೇಳರ ಕಲ್ಲಿನ ಹತ್ತಿರ ಕೂತೆ,
ಒಂದು ದಂಟು ಸಿಕ್ಕಿತು,
ಕೆಳಗಿಂದ ಮೇಲೆ ಹೋದೆ, ನಿಂತೆ.
ಇತ್ತು.
ಅಷ್ಟರಲ್ಲಿ ಹಳಿ ಗುಂಯ್ ಎಂದಿತು,
ಹುಬ್ಬಳ್ಳಿ ಕಡೆಯದು.
ಎದ್ದು ಸರಿದು ನಿಂತೆ,
ಯಾವತ್ತಿನ ಬದಿಗಲ್ಲ,
ಕಲ್ಲು ಬಿಟ್ಟರೆ ಬೇರೇನೂ ಇಲ್ಲದ
ಆಚೆ ಬದಿಗೆ.